ಹಲಸಿನಕಾಯಿ ಬೇಯಿಸಿದ ಭಾನುವಾರಗಳು

ಹಲಸಿನ ಅಂಟು ಸೋಪಿಗೆ ಹೋಗುವುದಿಲ್ಲ. ಕೈಗೆ, ಚಾಕುವಿಗೆ ಮೊದಲೇ ಎಣ್ಣೆ ಸವರಿಕೊಳ್ಳಬೇಕು. ಗೊತ್ತಿದ್ದೂ ಮೊನ್ನೆ ಮರೆತೆ. ಯಳಂದೂರಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಬರುವಾಗ, ಬಸ್ ನಿಲ್ದಾಣದ ಎದುರು ಒಬ್ಬ ಹೆಂಗಸು ಗೋಣಿಚೀಲ ಹಾಸಿ ಎಳೆ ಹಲಸಿನಕಾಯಿಗಳನ್ನು ಹರವಿಕೊಂಡು ಕೂತಿದ್ದಳು. ತೊಟ್ಟು ಮುರಿದ ಕಡೆ ಹಾಲು ಒಸರಿ ಹೆಪ್ಪುಗಟ್ಟಿತ್ತು. ಒಂದನ್ನು ಕೊಂಡು ಕೊಳ್ಳೇಗಾಲದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆ ಸೇರುವ ಹೊತ್ತಿಗೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಡುಗೆಮನೆಯಲ್ಲಿ ಕಾಯಿಯನ್ನು ಎರಡು ಹೋಳು ಮಾಡಿದ್ದೇ ತಡ, ಆ ಹಸಿ ವಾಸನೆ ಎದ್ದಿತು. ಸೌತೆಕಾಯಿಯದ್ದಲ್ಲ, ಮರದ ಹೊಟ್ಟಿನದ್ದೂ ಅಲ್ಲ, ಎರಡರ ನಡುವಿನದು. ಅದರ ಬೆನ್ನಿಗೇ ಹನೂರಿನ ಮನೆ ಬಂದು ನಿಂತಿತು. ಹಿತ್ತಿಲಿನ ಒಲೆ, ಒಲೆಯ ಮುಂದೆ ಬೆನ್ನು ತೋರಿಸಿಕೊಂಡು ಕೂತ ನಮ್ಮತ್ತೆ.

ಆಗ ನಮ್ಮವರಿಗೆ ಹನೂರಿನಲ್ಲಿ ಔಷಧಿ ಅಂಗಡಿ ಇತ್ತು. ಮನೆಯಲ್ಲಿ ಮೂವರೇ: ಇವರು, ಇವರ ತಾಯಿ, ನಾನು. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಲು ಹೋದವರು ಮರಳುತ್ತಿದ್ದದ್ದು ಬೀದಿ ದೀಪ ಹತ್ತಿದ ಮೇಲೆ. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಹೋಗುತ್ತಿತ್ತು. ಅತ್ತೆ ಕೌದಳ್ಳಿಯ ಹೆಣ್ಣು. ಹಿತ್ತಿಲಿನ ಸೊಪ್ಪಿನ ಮಡಿ, ಜಗಲಿಯ ಮೇಲೆ ಮೊರ, ಸಂಜೆಗೆ ಬೀದಿಯ ಹಸುಗಳ ಲೆಕ್ಕ ಅಂತ ಅವರ ದಿನ ತುಂಬಿಕೊಂಡಿರುತ್ತಿತ್ತು. ನನ್ನದು ಹಾಗಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಮೆಲ್ಲಗೆ ಮಾತಾಡು, ಬಾಗಿಲು ಸದ್ದಾಗದಂತೆ ಹಾಕು, ಇದೇ ಅಲ್ಲಿ ಕಲಿತದ್ದು. ಕೊಳಾಯಿಯ ಹತ್ತಿರ ನಾನು ಬಾಯಿ ತೆರೆದರೆ ಉಳಿದ ಹೆಂಗಸರು ಸುಮ್ಮನಾಗಿ, ರೇಡಿಯೋ ಕೇಳಿದ ಹಾಗೆ ಕೇಳುತ್ತಿದ್ದರು. ಯಾರೂ ಕೆಟ್ಟವರಲ್ಲ. ಬೀದಿಗೆಲ್ಲ ನಾನು ‘ಕಾನ್ವೆಂಟವ್ವ’. ಹಾಗೆ ಹೆಸರಿಟ್ಟ ಮೇಲೆ ಪಾಪ, ಅವರಿಗೂ ನನ್ನ ಹತ್ತಿರ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳು ಹಾದುಹೋಗುವಾಗ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ಯಾರಾದರೊಬ್ಬರು ನನ್ನತ್ತ ನೋಡಿದರೆ ಅವತ್ತಿಗೆ ಅದೇ ಒಂದು ಭೇಟಿ.

ಭಾನುವಾರ ಮಾತ್ರ ಬೇರೆ. ಅಂದು ಅಂಗಡಿ ಅರ್ಧ ದಿನ. ಬೆಳಿಗ್ಗೆಯೇ ಬಾಡು ಬರುತ್ತಿತ್ತು. ಮಾಂಸಕ್ಕೆ ನಮ್ಮ ಕಡೆ ಬಾಡು ಅಂತಲೇ ಹೆಸರು. ಮಿಕ್ಸಿಯನ್ನು ನಂಬದ ಅತ್ತೆ ಚಕ್ಕೆ, ಲವಂಗ, ಗಸಗಸೆ, ಸುಟ್ಟ ಈರುಳ್ಳಿ ಎಲ್ಲವನ್ನೂ ಒರಳಿನಲ್ಲೇ ಅರೆಯುತ್ತಿದ್ದರು. ಮಧ್ಯಾಹ್ನ ಮೂವರೂ ನೆಲದ ಮೇಲೆ ದುಂಡಗೆ ಕೂರುತ್ತಿದ್ದೆವು. ಅವತ್ತು ಸೌಟು ಇವರ ಕೈಯಲ್ಲಿ. ಪಾತ್ರೆಯ ತಳ ಕೆದಕಿ ಒಳ್ಳೊಳ್ಳೆಯ ತುಂಡು ಹುಡುಕಿ ತಾಯಿಯ ತಟ್ಟೆಗೆ ಹಾಕುವರು. ಅವರು ಬೇಡ ಬೇಡ ಅಂತ ಕೈ ಅಡ್ಡ ಹಿಡಿಯುವರು. ಬೆರಳ ಸಂದಿಯಿಂದ ಸಾರು ಇಳಿಯುವುದು. ನನಗೆ ಬಾಡಿನ ಮೇಲೆ ಅಂಥ ಆಸೆ ಇರಲಿಲ್ಲ. ಆ ದುಂಡಗೆ ಕೂರುವುದರ ಮೇಲೆ ಇತ್ತು.

ಒಂದು ವರ್ಷ ಸಂಕ್ರಾಂತಿ ಕಳೆದ ಕೆಲವೇ ದಿನಕ್ಕೆ ಇವರಿಗೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡಿತು. ಮೈಸೂರಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದೆವು. ಹತ್ತಿರದವರ ಮನೆಯಲ್ಲಿ ಉಳಿದುಕೊಂಡು ಇವರನ್ನು ಮೆಲ್ಲಗೆ ನಡೆಸಿಕೊಂಡು ಮನೆಗೆ ಬಂದಾಗ ಶಿವರಾತ್ರಿ. ಅತ್ತೆ ಮಗನ ಮುಖ ಸವರಿ, ಬೆಟ್ಟದ ದಿಕ್ಕಿಗೆ ಕೈ ಮುಗಿದು ಅಂದರು:

“ನನ್ನ ಮಗ ನಡ್ಕಂಡು ಮನಗ ಬಂದ್ರ, ಬರೋ ವರ್ಸದ ಸಿವರಾತ್ರಿಗಂಟ ನನ್ನ ನಾಲ್ಗಗ ಬಾಡು ಸೋಕ್ಸಾಕಿಲ್ಲ ಅಂತ ಮಾದಪ್ಪಂಗ ಅಂದಿವ್ನಿ.”

ಇವರಿಗೂ ಡಾಕ್ಟರು ಕುರಿಯ ಮಾಂಸ, ಕೊಬ್ಬು ಎಲ್ಲ ನಿಲ್ಲಿಸಿದ್ದರು. ಮಗನಿಗೆ ಡಾಕ್ಟರ ಕಟ್ಟು, ತಾಯಿಗೆ ದೇವರ ಕಟ್ಟು. ಬಾಡಿನ ಜೊತೆ ನಮ್ಮ ಭಾನುವಾರವೂ ಹೋಯಿತು. ಸೊಪ್ಪಿನ ಸಾರಿಗೆ ಯಾರು ಯಾರಿಗೋಸ್ಕರ ಕಾಯುತ್ತಾರೆ? ಇವರು ಮಾತ್ರೆಯ ಹೊತ್ತಿಗೆ ಉಂಡು ಮಲಗುವರು. ನಾನು ಆಮೇಲೆ. ಅತ್ತೆ ಯಾವಾಗಲೋ. ವಾರದ ಏಳು ದಿನವೂ ಒಂದೇ ಬಣ್ಣಕ್ಕೆ ತಿರುಗಿತು.

ಹಲಸಿನಕಾಯಿಯ ಯೋಚನೆ ಬಂದದ್ದು ಹಾಸ್ಟೆಲಿನ ನೆನಪಿನಿಂದ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಸಿಸ್ಟರುಗಳು ಮಾಂಸ ಮುಟ್ಟುತ್ತಿರಲಿಲ್ಲ. ಕರಾವಳಿಯ ಕಡೆಯ ಅಡುಗೆಯವಳು ಅಂದು ಎಳೆ ಹಲಸನ್ನು ಮಾಂಸದ ಮಸಾಲೆಯಲ್ಲೇ ಬೇಯಿಸುತ್ತಿದ್ದಳು. ಎಳೆ ಎಳೆಯಾಗಿ ಬಿಡುವ ಅದನ್ನು ನಾವು ಹುಡುಗಿಯರು ಮಾಂಸವೆಂದೇ ಬಗೆದು ತಿನ್ನುತ್ತಿದ್ದೆವು. ವಯಸ್ಸಾದ ಒಬ್ಬ ಸಿಸ್ಟರ್ ಮಾತ್ರ ಅದನ್ನು ಪಕ್ಕಕ್ಕೆ ಸರಿಸಿ ಮೊಸರನ್ನ ಉಣ್ಣುತ್ತಿದ್ದರು. ಯಾಕೆಂದು ನಾನು ಕೇಳಿದವಳಲ್ಲ. ಆಗ ಫೋನಿನಲ್ಲಿ ಹುಡುಕಿ ನೋಡಿದರೆ, ದೂರ ದೇಶದವರೆಲ್ಲ ಮಾಂಸ ಬಿಟ್ಟು ಹಲಸು ತಿನ್ನುತ್ತಿದ್ದರು. ಕೊಬ್ಬಿಲ್ಲ, ನಾರು ಹೇರಳ, ರಕ್ತದೊತ್ತಡಕ್ಕೆ ಒಳ್ಳೆಯದು, ಹೊಟ್ಟೆ ತುಂಬಿದ ಹಾಗಿರುತ್ತದೆ ಅಂತೆಲ್ಲ ಬರೆದಿದ್ದರು. ‘ಮಾಂಸಕ್ಕೆ ಬದಲಿ’ ಅನ್ನುವ ಆ ಮಾತು ನನಗೆ ಹಿಡಿಸಿಬಿಟ್ಟಿತು. ನನ್ನ ಕೈಗೆ ಎಲ್ಲದಕ್ಕೂ ಉತ್ತರ ಸಿಕ್ಕ ಹಾಗೆ.

ಸಂತೆಗೆ ಯಳಂದೂರು ಕಡೆಯಿಂದ ಹಲಸು ಬರುತ್ತಿತ್ತು. ಮುಂದಿನ ಭಾನುವಾರ ಅದೇ ಮಸಾಲೆ ಅರೆದೆ, ಒರಳಿನಲ್ಲೇ. ಕುದಿ ಬಂದಾಗ ಮನೆಯೆಲ್ಲ ಹಳೆಯ ಭಾನುವಾರದ ವಾಸನೆ. ಮಲಗಿದ್ದ ಇವರು ಎದ್ದು ಬಂದು ಪಾತ್ರೆಯೊಳಗೆ ಇಣುಕಿದರು. ಒಂದು ತುಂಡು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದರು. “ಮೂಳೆ ಒಂದಿಲ್ಲ ನೋಡು,” ಅಂದರು. ಎಷ್ಟೋ ದಿನದ ಮೇಲೆ ಇವರು ನಕ್ಕದ್ದು.

ಅಷ್ಟರಲ್ಲಿ ಅತ್ತೆ ಹಿತ್ತಿಲಿನಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೊಪ್ಪು ಹಾಗೇ ಇತ್ತು. ಅವರ ಮುಖ ನೋಡಿ ನಾನು ಬೇಗ ಬೇಗ ಕಸದ ಬುಟ್ಟಿ ತೆಗೆದು ಸಿಪ್ಪೆ ತೋರಿಸಿದೆ. “ಬಾಡಲ್ಲ ಅತ್ತೆ, ಹಲಸಿನಕಾಯಿ.”

“ಕಾಯಿ ಅಂತ ನನ್ನ ಕಣ್ಗ ಗೊತ್ತಾಯ್ತು ಕಣವ್ವ,” ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. “ನಾಲ್ಗಗ ಗೊತ್ತಾದದಾ? ನಾನು ಮಾತು ಕೊಟ್ಟಿರದು ನಾಲ್ಗದು.”

ಇವರು, “ಅವ್ವ, ಮಾದಪ್ಪ ಅಷ್ಟೊಂದು ಲೆಕ್ಕ ನೋಡ್ತಾನಾ ಬಾ,” ಅಂದು ಮಣೆ ಸರಿಸಿದರು. ಅತ್ತೆ ಒಳಗೆ ಬರಲಿಲ್ಲ. ಅಂದಿನಿಂದ ಅವರ ಅಡುಗೆ ಹಿತ್ತಿಲಿನ ನೀರೊಲೆಯ ಪಕ್ಕದಲ್ಲಿ. ಮೂರು ಕಲ್ಲು, ಒಂದು ಮಡಕೆ, ಒಂದು ತಟ್ಟೆ. ಮೊದಲು ಭಾನುವಾರಕ್ಕೆ ಮಾತ್ರ ಇತ್ತು. ಮಸಾಲೆಯ ಪಾತ್ರೆಯ ವಾಸನೆ ಉಳಿದ ದಿನಕ್ಕೂ ಅಂಟಿರುತ್ತದೆ ಅಂತ ಅನ್ನಿಸಿತೋ ಏನೋ, ಬರಬರುತ್ತಾ ದಿನವೂ ಅಲ್ಲೇ ಆಯಿತು. ಕೂಡಿ ಉಣ್ಣಲಿ ಎಂದು ಅಡುಗೆ ಮಾಡಲು ಹೋದರೆ ಮನೆಗೆ ಎರಡು ಒಲೆಯಾಯಿತು.

ಬೇಸಿಗೆಯೆಲ್ಲ ಹೀಗೇ ಕಳೆಯಿತು. ಇವರಿಗೆ ಹಲಸಿನ ಸಾರು ಒಗ್ಗಿತು. ಮೈ ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಪರೀಕ್ಷೆ ಮಾಡಿದ ಡಾಕ್ಟರು ಊಟ ಹೀಗೇ ಇರಲಿ ಅಂದರಂತೆ. ಇವರು ಮತ್ತೆ ಪೂರ್ತಿ ಹೊತ್ತು ಅಂಗಡಿಗೆ ಹೋಗತೊಡಗಿದರು. ಎದುರು ಕೂತು ಉಣ್ಣಲು ಮತ್ತೆ ಯಾರೂ ಇಲ್ಲ. ನಾನು ಅಡುಗೆಮನೆಯಲ್ಲಿ, ಅತ್ತೆ ಹಿತ್ತಿಲಿನಲ್ಲಿ, ನಡುವೆ ಒಂದು ತೆರೆದ ಬಾಗಿಲು. ಅವರ ಒಲೆಯ ಹೊಗೆ ಒಳಗೆ ಬಂದಾಗ, ಅವರೂ ಉಣ್ಣುವ ಹೊತ್ತಾಯಿತು ಅಂದುಕೊಂಡು ನಾನೂ ತಟ್ಟೆ ತೆಗೆದುಕೊಳ್ಳುತ್ತಿದ್ದೆ. ಅದು ನಮ್ಮಿಬ್ಬರ ಸಹಪಂಕ್ತಿ.

ಅತ್ತೆಯ ಬಳೆಗಳು ಮೊದಲು ನನ್ನ ಕಣ್ಣಿಗೆ ಬಿದ್ದದ್ದು. ನೀರು ಸೇದಲು ಕೈಯೆತ್ತಿದರೆ ಮೊಣಕೈವರೆಗೂ ಜಾರುತ್ತಿದ್ದವು. ಆಮೇಲೆ ಪಾದ. ಚಪ್ಪಲಿಯ ಪಟ್ಟಿ ಕೂತ ಕಡೆ ಗುಳಿ ಬಿದ್ದು, ಎಷ್ಟೋ ಹೊತ್ತು ಹಾಗೇ ಇರುತ್ತಿತ್ತು. ಕೇಳಿದರೆ ವಯಸ್ಸಿನದು ಅನ್ನುವರು. ಆಷಾಢದ ಗಾಳಿ ಎದ್ದ ಒಂದು ಬೆಳಿಗ್ಗೆ ಸೊಪ್ಪಿನ ಮಡಿಯ ನಡುವೆ ಕುಸಿದು ಕೂತಿದ್ದರು. ಕಣ್ಣು ತೆರೆದೇ ಇತ್ತು. “ಬೂಮಿ ಅತ್ಲಾಗ್ ಓಯ್ತು ಕಣವ್ವ,” ಅಂದರು, ತಪ್ಪು ಭೂಮಿಯದೇ ಅನ್ನುವ ಹಾಗೆ.

ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ಬಹಳ ಕಡಿಮೆ, ಮೈಯಲ್ಲಿ ಪ್ರೋಟೀನೂ ಇಲ್ಲ ಅಂದರು. ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿಕೊಂಡು ರಕ್ತ ಕೊಡಬೇಕಾದೀತು, ಈ ವಯಸ್ಸಿಗೆ ಹೃದಯಕ್ಕೂ ಭಾರ ಅಂದರು. ಹರಕೆಯ ಸಂಗತಿ ಹೇಳಿದ ನಾನು, ಧೈರ್ಯದಿಂದಲೇ ಸೇರಿಸಿದೆ: ಮಾಂಸದ ಬದಲಿಗೆ ಹಲಸಿನಕಾಯಿ ಮಾಡುತ್ತೇನೆ ಡಾಕ್ಟರ್, ಅತ್ತೆಯೊಬ್ಬರು ಅದನ್ನು ತಿಂದರೆ ಸಾಕು.

ಅವರು ಪೆನ್ನು ಕೆಳಗಿಟ್ಟರು. ನಿಮ್ಮ ಯಜಮಾನರಿಗೆ ಅದು ಬಹಳ ಒಳ್ಳೆಯದು ಅಂದರು. ಕೊಬ್ಬಿಲ್ಲ, ನಾರಿದೆ, ಪೊಟ್ಯಾಸಿಯಂ ಇದೆ. ಕಿಡ್ನಿ ಚೆನ್ನಾಗಿರುವವರು ಧಾರಾಳವಾಗಿ ತಿನ್ನಬಹುದು. ಆದರೆ ಮಾಂಸದಲ್ಲಿರುವ ಪ್ರೋಟೀನಿನ ಕಾಲು ಭಾಗವೂ ಅದರಲ್ಲಿಲ್ಲ. ಬಾಯಿಗೆ ಮಾಂಸದ ಹಾಗಿರುತ್ತದೆ, ಅಷ್ಟೇ. ನಿಮ್ಮ ಅತ್ತೆಗೆ ಬೇಕಾದದ್ದು ಕಾಳು, ಹಾಲು, ಮೊಟ್ಟೆ, ಕಡಲೆಕಾಯಿ, ನುಗ್ಗೆಸೊಪ್ಪು. ಹಲಸಿನದೇ ಬೇಕೆಂದರೆ ಬೀಜ ಪರವಾಗಿಲ್ಲ, ಕಾಳಿನ ಜೊತೆಗೆ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನಾಲಿಗೆಗೆ ಮಾಂಸ ಅನ್ನಿಸಿದರೆ ದೇವರಿಗೂ ಅದು ಮಾಂಸವೇ ಅಂತ ಅತ್ತೆ ನಂಬಿದ್ದರು. ನಾಲಿಗೆಗೆ ಮಾಂಸ ಅನ್ನಿಸಿದರೆ ಮೈಗೂ ಮಾಂಸವೇ ಅಂತ ನಾನು. ಅಷ್ಟು ತಿಂಗಳು ಎರಡು ಒಲೆ ಉರಿದದ್ದು ಒಂದೇ ನಂಬಿಕೆಯ ಮೇಲೆ. ಮೊಸರನ್ನ ಉಣ್ಣುತ್ತಿದ್ದ ಆ ಸಿಸ್ಟರ್ ನೆನಪಾದರು. ಅವರೂ ಬಿಟ್ಟದ್ದು ರುಚಿಯನ್ನೇ ಇರಬೇಕು. ಕಾಯಿಯನ್ನಲ್ಲ, ಮಾಂಸವನ್ನೂ ಅಲ್ಲ.

ಇವರು ಅಂಗಡಿಯಿಂದ ಪ್ರೋಟೀನ್ ಪುಡಿಯ ಡಬ್ಬ ತಂದರು. ಅತ್ತೆ ಡಬ್ಬವನ್ನು ತಿರುಗಿಸಿ, ಅದರ ಮೇಲೆ ತೋಳು ಉಬ್ಬಿಸಿ ನಿಂತವನ ಚಿತ್ರ ನೋಡಿ, “ಇದ್ಯಾರ್ಲಾ ಅಂಗಿ ಇಲ್ದೋನು? ಇದ್ನ ಕುಡುದ್ರ ನಾನೂ ಇಂಗಾಯ್ತಿನಾ?” ಅಂದು ಪಕ್ಕಕ್ಕಿಟ್ಟರು. ಮೊಟ್ಟೆಯೂ ಅವರ ಲೆಕ್ಕದಲ್ಲಿ ಬಾಡೇ. ಹಾಗಾದರೆ ಹರಕೆಯನ್ನೇ ಮುರಿದುಬಿಡು, ಬೆಟ್ಟಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ ಬರೋಣ ಅಂತ ಇವರು ಪಟ್ಟು ಹಿಡಿದರು. ಅತ್ತೆ, ಮಾದಪ್ಪನ ಹೆಸರನ್ನೇ ಇಟ್ಟಿದ್ದ ಮಗನ ಎದೆಯ ಮೇಲೆ ಅಂಗೈ ಇಟ್ಟರು.

“ಇದು ನಡೀತಾ ಅದ ಅಲ್ವಾ ಮಾದೇಸ? ನಾನು ಕೊಟ್ಟಿದ್ನ ವಾಪಸ್ ಕೇಳುದ್ರ, ಅವ್ನೂ ಕೊಟ್ಟಿದ್ನ ವಾಪಸ್ ಕೇಳ್ತನ. ಬುಡು.”

ಇವರು ತಲೆ ತಗ್ಗಿಸಿ ಅಂಗಡಿಗೆ ಹೋದರು.

ಅವತ್ತಿನಿಂದ ನಾನು ಮಾಡಿದ್ದು ಒಂದೇ ಕೆಲಸ. ನೋಡುವುದು. ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಒರಗಿ ಅತ್ತೆ ಉಣ್ಣುವುದನ್ನು ನೋಡುತ್ತಿದ್ದೆ. ಮುದ್ದೆಗೆ ಮಾಡುವ ಉಪ್ಸಾರಿಗೆ ಅವರು ಹುರುಳಿಕಾಳನ್ನೇ ಬೇಯಿಸುತ್ತಿದ್ದರು. ಕಾಳೂ ಇತ್ತು, ಸೊಪ್ಪೂ ಇತ್ತು. ಡಾಕ್ಟರು ಹೇಳಿದ್ದರಲ್ಲಿ ಅರ್ಧ ಆ ಮಡಕೆಯಲ್ಲೇ ಇತ್ತು. ಆದರೆ ಅವರು ಬೆಂದ ಕಾಳನ್ನು ಬಸಿದು, ಬಟ್ಟಲಿಗೆ ಹಾಕಿ, ಮಗನಿಗೂ ನನಗೂ ಅಂತ ಒಳಗಿನ ಕಟ್ಟೆಯ ಮೇಲಿಡುತ್ತಿದ್ದರು. ತಮಗೆ ಕೋಳಿಮೊಟ್ಟೆಯಷ್ಟು ಮುದ್ದೆ, ಅದು ಮುಳುಗುವಷ್ಟು ಕಾಳು ಬಸಿದ ನೀರಿನ ಕಟ್ಟು. ಮತ್ತೆ ತಟ್ಟೆ ತೊಳೆದುಬಿಡುವರು.

“ಕಾಳು ಯಾಕೆ ಹಾಕಿಕೊಳ್ಳಲಿಲ್ಲ ಅತ್ತೆ?”

“ಸಾಕಾಯ್ತದ ಕಣವ್ವ.”

“ಭಾನುವಾರ ಅಷ್ಟೊಂದು ಉಣ್ಣುತ್ತಿದ್ದಿರಿ.”

ಅವರು ಒಲೆಯ ಬೂದಿಯನ್ನು ಕಡ್ಡಿಯಿಂದ ಸರಿಸುತ್ತಾ ಕೂತರು. “ಬಾಡಿನ ದಿಸ ನನ್ನ ಮಗ ಬಡಿಸ್ತಿದ್ದ. ಬಾಕಿ ದಿಸ ನಾನೇ ಬಡಿಸ್ಕಳದು. ತನ್ನ ತಟ್ಟಗ ತಾನು ಎಷ್ಟವ್ವ ಬಡಿಸ್ಕಂಡರು?”

ನಾನು ಮದುವೆಯಾಗಿ ಬಂದಾಗಿನಿಂದ ನಮಗೆಲ್ಲ ಬಡಿಸಿದವರು ಅವರು. ಅವರ ತಟ್ಟೆಗೆ ಯಾರು ಬಡಿಸುತ್ತಾರೆ ಅನ್ನುವ ಪ್ರಶ್ನೆಯೇ ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅವರೂ ಹುಟ್ಟಿಸಿರಲಿಲ್ಲ. ಬಾಡು ನಿಂತಾಗ ನಿಂತದ್ದು ಬಾಡಷ್ಟೇ ಅಲ್ಲ.

ಆ ಹೊತ್ತಿಗೆ ಹಲಸು ಹಣ್ಣಾಗಿ, ಬೀಜ ಬರುವ ಕಾಲ. ಬೀಜಗಳನ್ನು ತೊಳೆದು ಜಗಲಿಯಲ್ಲಿ ಒಣಗಿಸಿದೆ. ಮಾರನೆಯ ದಿನ ಒಳಗಿನ ಒಲೆ ಹಚ್ಚಲಿಲ್ಲ. ಅತ್ತೆಯ ಮೂರು ಕಲ್ಲಿನ ಒಲೆಯ ಮುಂದೆ ಹೋಗಿ ಕೂತು, ಅವರ ಮಡಕೆಯಲ್ಲೇ ಹುರುಳಿಕಾಳು, ಜಜ್ಜಿದ ಹಲಸಿನ ಬೀಜ, ನುಗ್ಗೆಸೊಪ್ಪು ಬೇಯಿಸಿದೆ. ಚಕ್ಕೆ ಇಲ್ಲ, ಲವಂಗ ಇಲ್ಲ, ಸುಟ್ಟ ಈರುಳ್ಳಿ ಇಲ್ಲ. ಯಾವ ನಾಲಿಗೆಗೂ ಇದು ಬೇರೊಂದೆಂಬ ಅನುಮಾನ ಬರಬಾರದು. ಹೊಗೆಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ, “ಕಾನ್ವೆಂಟಲ್ಲಿ ಒಲ ಊದದ ಹೇಳ್ಕೊಡ್ನಿಲ್ವ?” ಅಂದು ಊದುಗೊಳವೆ ಕಿತ್ತುಕೊಂಡರು.

ಬೆಂದ ಮೇಲೆ ಸೌಟು ನಾನು ಹಿಡಿದೆ. ಕಾಳನ್ನು ಬಸಿಯದೆ ಹಾಗೇ ಅವರ ತಟ್ಟೆಗೆ ಹಾಕಿದೆ. ಇನ್ನೊಂದು ಸೌಟು ಎತ್ತಿದಾಗ ಅವರು ಕೈ ಅಡ್ಡ ಹಿಡಿದರು. ಹಳೆಯ ಭಾನುವಾರಗಳಲ್ಲಿ ಹಿಡಿಯುತ್ತಿದ್ದ ಹಾಗೆಯೇ, ಬೆರಳುಗಳನ್ನು ಸ್ವಲ್ಪ ಅಗಲಿಸಿ. ನಾನು ಬೆರಳ ಮೇಲೆಯೇ ಸುರಿದೆ.

“ಬುಡವ್ವ, ಸುಡ್ತದ,” ಅಂದರು. ಕೈ ಮಾತ್ರ ತೆಗೆಯಲಿಲ್ಲ.

ಆಷಾಢ, ಶ್ರಾವಣ, ಆಮೇಲೂ ನಾವಿಬ್ಬರು ಹಿತ್ತಿಲಿನಲ್ಲೇ ಉಂಡೆವು. ಹಲಸಿನ ಬೀಜ ಮುಗಿದ ಮೇಲೆ ಅವರೆಕಾಳು ಬಂತು, ಕಡಲೆಕಾಯಿ ಬಂತು. ದಿನಕ್ಕೊಂದು ಲೋಟ ಹಾಲು, ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ. ಮಾತು ಹೆಚ್ಚೇನೂ ಇರಲಿಲ್ಲ. ಅವರು ಕೌದಳ್ಳಿಯ ಯಾವುದೋ ಹಳೆಯ ಸಂಗತಿ ಅರ್ಧ ಹೇಳಿ ಬಿಡುವರು, ನಾನು ಉಳಿದರ್ಧ ಕೇಳದೆ ಕೂರುವೆನು. ಭಾನುವಾರ ಇವರು ಬಂದು ತಟ್ಟೆ ಹಿಡಿದು ಹಿತ್ತಿಲಿಗೇ ಬರುವರು. ಪಾದದ ಊತ ಇಳಿಯಿತು. ಬಳೆಗಳು ಮಣಿಕಟ್ಟಿಗೆ ಮರಳಿದವು. ಡಾಕ್ಟರು ರಕ್ತ ಕೊಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಶಿವರಾತ್ರಿ ಬಂತು. ಬೆಟ್ಟಕ್ಕೆ ಹೋಗಿ ಕೈಮುಗಿದು ಬಂದೆವು. ಅದಾದ ಮೊದಲ ಭಾನುವಾರ ಇವರೇ ಬಾಡು ತಂದರು. ತಮಗೆ ನಾಲ್ಕು ತುಂಡಷ್ಟೇ ಅಂತ ಮೊದಲೇ ಎತ್ತಿಟ್ಟುಕೊಂಡು, ತಾಯಿಯ ತಟ್ಟೆಗೆ ತಳ ಕೆದಕಿ ಹಾಕಿದರು. ಅತ್ತೆ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾವಿಬ್ಬರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ನುಂಗಿ, ನನ್ನ ಕಡೆ ತಿರುಗಿ ಅಂದರು:

“ಅಲಸಿನಕಾಯ್ನಂಗೇ ಅದ ಕಣವ್ವ.”

ಅಂದರೆ ಅವರು ಎಂದೋ ಅದರ ರುಚಿ ನೋಡಿದ್ದರು. ಹರಕೆಗೆ ಮುಂಚೆಯೋ, ತಮ್ಮ ಕೌದಳ್ಳಿಯ ದಿನಗಳಲ್ಲೋ. ಗೊತ್ತಿದ್ದೇ ಅದನ್ನು ಬಿಟ್ಟಿದ್ದರು.

ಅತ್ತೆ ಹೋದ ಮೇಲೆ ನಾವು ಅಂಗಡಿಯನ್ನು ಕೊಳ್ಳೇಗಾಲಕ್ಕೆ ತಂದೆವು. ಮಹಡಿಯ ಮನೆ, ಹಿತ್ತಿಲಿಲ್ಲ. ಇವರು ಆರೋಗ್ಯವಾಗಿದ್ದಾರೆ. ಅಂಗಡಿ ದೊಡ್ಡದಾಗಿದೆ, ಭಾನುವಾರವೂ ತೆರೆದಿರುತ್ತದೆ. ಮಧ್ಯಾಹ್ನ ಡಬ್ಬಿ ಕಳಿಸಿದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ನಾನು ಹೆಚ್ಚಾಗಿ ನಿಂತುಕೊಂಡೇ, ಪಾತ್ರೆಯಲ್ಲಿ ಉಳಿದದ್ದನ್ನು ಒಂದಿಷ್ಟು ಕಲಸಿಕೊಂಡು ಮುಗಿಸಿಬಿಡುತ್ತೇನೆ. ಕಳೆದ ತಿಂಗಳು ರಕ್ತ ಪರೀಕ್ಷೆಯ ಚೀಟಿ ನೋಡಿ ಇವರು, ನಿನಗೂ ಕಡಿಮೆ ಇದೆಯಲ್ಲ ಅಂದಿದ್ದರು.

ಮೊನ್ನೆ ಆ ಹಲಸಿನಕಾಯಿಯನ್ನು ಹುರುಳಿಕಾಳಿನ ಜೊತೆ ಬೇಯಿಸಿದೆ, ಮಸಾಲೆಯಿಲ್ಲದೆ. ಅಂಟು ಹತ್ತಿದ ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿ ತೊಳೆದುಕೊಂಡೆ. ಡಬ್ಬಿ ಹೋಯಿತು. ಮಣೆ ಹಾಕಿ ನೆಲದ ಮೇಲೆ ಕೂತೆ. ತಟ್ಟೆಗೆ ಮುದ್ದೆ ಇಟ್ಟುಕೊಂಡು ಒಂದು ಸೌಟು ಸಾರು ಬಡಿಸಿಕೊಂಡೆ. ಎಂದಿನಂತೆ ಸಾಕೆನ್ನಿಸಿತು. ಸೌಟನ್ನು ಪಾತ್ರೆಗೆ ಹಿಂತಿರುಗಿಸುವಾಗ ಕೈ ನಿಂತಿತು. ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದು, ಬೆರಳುಗಳನ್ನು ಸ್ವಲ್ಪ ಅಗಲಿಸಿ, ಇನ್ನೊಂದು ಸೌಟು ಕಾಳನ್ನು ಅದರ ಮೇಲೆಯೇ ಸುರಿದುಕೊಂಡೆ. ಸುಟ್ಟಿತು.